ಪೆಂಗ್ವಿನ್ ಪಾದದ ಎರಡು ತೂತು

ತೂತು ಕಂಡರೆ ನನಗೆ ಆಗುತ್ತಿರಲಿಲ್ಲ. ಪೀಣ್ಯ ಎರಡನೇ ಹಂತದ ಒಂದು ಅಲ್ಯೂಮಿನಿಯಂ ಫೌಂಡ್ರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ಕಾಲ ಅದು, ತೊಂಬತ್ತರ ದಶಕದ ನಡುಭಾಗ. ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿಯುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಎರಕದಲ್ಲಿ ತೂತು ಬೀಳುತ್ತದೆ. ಅಂಥ ತೂತನ್ನು ಹುಡುಕಿ, ಅದರ ಸುತ್ತ ಕೆಂಪು ಬಣ್ಣದಲ್ಲಿ ಒಂದು ಉಂಗುರ ಬರೆದು, ಆ ಮಾಲನ್ನು ಮೂಲೆಗೆ ತಳ್ಳಿಸುವುದು ನನ್ನ ಉದ್ಯೋಗ. ಬಣ್ಣದ ಡಬ್ಬಿ ಮತ್ತು ಕುಂಚ ಯಾವಾಗಲೂ ನನ್ನ ಕೈಯಲ್ಲೇ ಇರುತ್ತಿದ್ದವು. ನಾನು ಬರುವುದು ಕಂಡರೆ ಶೆಡ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ನನಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಗುತ್ತಿತ್ತು.

ಕೆಂಪು ಉಂಗುರವಿದ್ದ ಮಾಲು ಯಾವ ಕಾರಣಕ್ಕೂ ಗೇಟು ದಾಟಕೂಡದು ಎಂಬ ನಿಯಮ ಮಾಡಿಸಿದವಳೂ ನಾನೇ. ಹಿಂದೊಮ್ಮೆ ನಾನು ತಿರಸ್ಕರಿಸಿದ ಪಂಪಿನ ಮುಚ್ಚಳಗಳು ಯಾರದೋ ಅವಸರದಲ್ಲಿ ಟೆಂಪೊ ಹತ್ತಿ ಗಿರಾಕಿಯ ಮನೆ ಸೇರಿಬಿಟ್ಟಿದ್ದವು. ಆಮೇಲೆ ಮಾಲೀಕರಿಗೆ ಹೇಳಿ ನಿಯಮ ಬರೆಸಿ, ಕೆಳಗೆ ನಾನೇ ಸಹಿ ಹಾಕಿದ್ದೆ. ಗೇಟಿನ ವಾಚ್‌ಮನ್ ಸೈನ್ಯದಿಂದ ನಿವೃತ್ತರಾಗಿ ಬಂದವರು. ಅವರು ಆ ಕಾಗದವನ್ನು ತಮ್ಮ ಗೂಡಿನ ಗೋಡೆಗೆ ದೇವರ ಪಟದ ಪಕ್ಕದಲ್ಲೇ ಅಂಟಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಮಾಲೀಕರು ನನ್ನ ಮೇಜಿನ ಮೇಲೆ ಹತ್ತಿಯಲ್ಲಿ ಸುತ್ತಿದ ಒಂದು ವಸ್ತು ಇಟ್ಟರು. ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟರಿನ ತುಂಡು, ಅಂಗೈಯಲ್ಲಿ ಕೂರುವಷ್ಟು. ಕೋಟಿಗಟ್ಟಲೆ ವರ್ಷಗಳ ಹಿಂದೆ ದಕ್ಷಿಣ ಧ್ರುವದ ಕಡೆಯ ಒಂದು ದ್ವೀಪದಲ್ಲಿ ಆಳೆತ್ತರದ ಪೆಂಗ್ವಿನ್‌ಗಳಿದ್ದವಂತೆ. ಇದು ಅಂಥದ್ದೊಂದರ ಪಾದದ ಮೂಳೆಯಿಂದ ಹೊರದೇಶದ ಮ್ಯೂಸಿಯಂನಲ್ಲಿ ತೆಗೆದ ಪಡಿಯಚ್ಚು. ಮಾಲೀಕರಿಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ್ದ ಪ್ರೊಫೆಸರ್ ಒಬ್ಬರು ಅದನ್ನು ಕೊಟ್ಟಿದ್ದರು. ಆಕೆಗೆ ಕಣ್ಣು ಮಂಜಾಗುತ್ತ ಬಂದಿತ್ತು. ಮೂರು ವಾರ ಕಳೆದು ಒಂದು ಶನಿವಾರ ಅವರ ಕೊನೆಯ ಪಾಠ, ಆಮೇಲೆ ನಿವೃತ್ತಿ. ಆ ಪಾಠವನ್ನು ಇದೇ ಮೂಳೆ ಹಿಡಿದು ಮಾಡಬೇಕೆಂದು ಅವರ ಆಸೆ. ಆದರೆ ಇಷ್ಟು ಚಿಕ್ಕದರ ಗೆರೆಗಳು ಅವರಿಗೆ ಈಗ ಕಾಣುವುದಿಲ್ಲ, ಬೆರಳಿಗೂ ಸಿಕ್ಕುವುದಿಲ್ಲ. ನಾಲ್ಕು ಪಟ್ಟು ದೊಡ್ಡದಾಗಿ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದುಕೊಟ್ಟರೆ ಮುಟ್ಟಿ ಮುಟ್ಟಿ ಪಾಠ ಹೇಳಬಹುದು.

ಪ್ರೊಫೆಸರ್ ಅರ್ಧ ಗಂಟೆ ಕೂತು ಆ ಮೂಳೆಯ ಬಗ್ಗೆ ಮಾಲೀಕರಿಗೆ ವಿವರಿಸಿದ್ದರಂತೆ. ಆಗ ನಾನು ಪಕ್ಕದ ಶೆಡ್ಡಿನಲ್ಲಿ ಗೇರ್ ಬಾಕ್ಸಿನ ಕವಚಗಳಿಗೆ ಕೆಂಪು ಹಚ್ಚುತ್ತಿದ್ದೆ. ಅರ್ಧ ಗಂಟೆಯ ವಿವರಣೆ ನನ್ನ ಬಳಿ ಬರುವಾಗ ಮೂರೇ ಪದವಾಗಿತ್ತು.

"ಹೇಗಿದೆಯೋ ಹಾಗೆ ಮಾಡಿಸಿ," ಎಂದು ಹೇಳಿ ಮಾಲೀಕರು ಹೋದರು.

ನಾನು ಭೂತಗನ್ನಡಿ ಹಿಡಿದು ಆ ತುಂಡನ್ನು ಪರೀಕ್ಷೆ ಮಾಡಿದೆ. ಮೇಲಿನ ತುದಿ ಅಗಲ. ಕೆಳಗಿನ ತುದಿಯಲ್ಲಿ ಮೂರು ಗುಂಡು ಗುಬುಟುಗಳು, ಬಾವಿಯ ರಾಟೆಯ ಹಾಗೆ ನಡುವೆ ತಗ್ಗು. ಮೂರು ರಾಟೆ ಕೂರಿಸುವ ಬ್ರಾಕೆಟ್ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಮುಂಭಾಗದಲ್ಲಿ ಉದ್ದಕ್ಕೆ ಎರಡು ಕಾಲುವೆಗಳಿದ್ದವು. ಒಂದೊಂದು ಕಾಲುವೆಯ ತಲೆಯಲ್ಲೂ ಒಂದೊಂದು ತೂತು, ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಸಾಸಿವೆ ಕಾಳಿನಷ್ಟು. ತೂತು ಕಂಡ ಕೂಡಲೇ ನನ್ನ ಕೈ ತುರಿಸಿತು. ಪ್ಲಾಸ್ಟರ್ ಕಲಸುವಾಗ ಗಾಳಿಗುಳ್ಳೆ ಸೇರಿದರೆ ಹೀಗೇ ಆಗುತ್ತದೆ. ಹೊರದೇಶದವರೂ ಕೆಲಸದಲ್ಲಿ ಇಷ್ಟು ಸಡಿಲವೇ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು.

ಗಿರಾಕಿ ಕೊಟ್ಟ ಮಾದರಿಯಲ್ಲಿ ದೋಷವಿದ್ದರೆ ತಿದ್ದಿ ಮಾಡಲು ನಮ್ಮಲ್ಲೊಂದು ಚೀಟಿ ಇತ್ತು. ಅದರಲ್ಲಿ ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದೆ: ಗಾಳಿಗುಳ್ಳೆಯ ತೂತು ಎರಡು, ಮುಚ್ಚುವುದು, ಕಾಲುವೆಗಳು ಚೂಪಾಗಿವೆ, ಬಿರುಕು ಬಿಡಬಹುದು, ತುಂಬಿ ಗುಂಡಗೆ ಮಾಡುವುದು. ಕೆಳಗೆ ಸಹಿ.

ಮರದಲ್ಲಿ ಮಾದರಿ ಕೆತ್ತುವ ಮೇಸ್ತ್ರಿಗೆ ಚೀಟಿ ಓದಿ ಬಹಳ ಸಂತೋಷವಾಯಿತು. ತೂತಿಲ್ಲದ ಕೆಲಸ ಎಂದರೆ ಅವರಿಗೆ ಅರ್ಧ ಕೆಲಸ. ಅವರು ತಮ್ಮ ಹಳೆಯ ಹಿತ್ತಾಳೆ ಸ್ಕೇಲು ತೆಗೆದರು. ಅದು ನಮ್ಮ ನಿಮ್ಮ ಸ್ಕೇಲಿಗಿಂತ ಒಂದು ಚೂರು ಉದ್ದ, ಏಕೆಂದರೆ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಷ್ಟನ್ನು ಮರದಲ್ಲಿ ಮೊದಲೇ ಹಿಗ್ಗಿಸಿಟ್ಟಿರಬೇಕು. ತೇಗದ ತುಂಡುಗಳನ್ನು ಅಂಟಿಸಿ, ಪ್ಲಾಸ್ಟರಿನ ಮೇಲೆ ಕ್ಯಾಲಿಪರ್ ಹಿಡಿದು ಒಂದೊಂದೇ ಅಳತೆಯನ್ನು ನಾಲ್ಕರಿಂದ ಗುಣಿಸಿ, ಒಂದು ವಾರ ಕೂತು ಕೆತ್ತಿದರು. ಕಾಲುವೆಗಳಿಗೆ ಮೇಣ ಮೆತ್ತಿ ಹೆಬ್ಬೆರಳಿನಿಂದ ನಯ ಮಾಡಿದರು.

ಎರಕ ಹೊಯ್ದ ಮೇಲೆ ಮಾಲು ಅರದಣ್ಣನ ಕೈಗೆ ಹೋಯಿತು. ಅಂಚಿನ ಮುಳ್ಳುಗಳನ್ನು ಅರ ಹಾಕಿ ಉಜ್ಜಿ ನಯ ಮಾಡುವ ಕೆಲಸಗಾರ ಅವರು. ಅವರ ಹೆಸರು ಏನಿತ್ತೋ, ಎಲ್ಲರ ಬಾಯಲ್ಲೂ ಅರದಣ್ಣ. ಉಜ್ಜುತ್ತ ಉಜ್ಜುತ್ತ ಅವರು ಪ್ಲಾಸ್ಟರಿನ ತುಂಡನ್ನು ತಿರುಗಿಸಿ ನೋಡಿದರು.

"ಮೇಡಂ, ಇದು ಹಕ್ಕಿ ಕಾಲಲ್ವಾ? ಬೆರಳು ಬೆರಳಿನ ಮೂಳೆ ಮಧ್ಯ ಸಂದು ಇರ್ಬೇಕಲ್ವಾ? ನಾವು ಮುಚ್ಚಿಬಿಟ್ಟಿದೀವಿ ಅನ್ಸುತ್ತೆ."

"ಉಜ್ಜೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ," ಎಂದೆ ನಾನು.

ಅವರು ಸರಿ ಮೇಡಂ ಎಂದು ಉಜ್ಜತೊಡಗಿದರು. ಈ ಮಾತನ್ನು ಇಲ್ಲಿ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೆ ಆಗ ಆಗಲಿಲ್ಲ.

ನಾನು ಕಂಡ ಎರಕಗಳಲ್ಲಿ ಅಷ್ಟು ಸುಂದರವಾದದ್ದು ಇನ್ನೊಂದಿಲ್ಲ. ಒಂದು ಅಡಿಗಿಂತ ಉದ್ದ, ಏಳು ಕಿಲೋ ತೂಕ, ಬೆಳ್ಳಿಯ ಹಾಗೆ ಹೊಳಪು, ಒಂದು ಸೂಜಿಮೊನೆಯಷ್ಟೂ ತೂತಿಲ್ಲ. ನಾನು ಹಸಿರು ಚೀಟಿ ಕಟ್ಟಿದೆ. ನನ್ನಿಂದ ಹಸಿರು ಚೀಟಿ ಸಿಕ್ಕಿತೆಂದು ಮೇಸ್ತ್ರಿ ಎಲ್ಲರಿಗೂ ಬೈಟು ಕಾಫಿ ಕುಡಿಸಿದರು.

ಪಾಠಕ್ಕೆ ಎಂಟು ದಿನ ಇರುವಾಗ, ಶುಕ್ರವಾರ, ಪ್ರೊಫೆಸರ್ ಬಂದರು. ಹತ್ತಿಯ ಸೀರೆ, ಕೈಯಲ್ಲಿ ಊರುಗೋಲಿನ ಬದಲು ಒಂದು ಉದ್ದದ ಕೊಡೆ. ಮೇಜಿನ ಮುಂದೆ ಕೂರಿಸಿ ಎರಕವನ್ನು ಅವರ ಕೈಗೆ ತಾಗಿಸಿದೆ. ಅವರು ಅದರ ಕಡೆ ನೋಡಲೇ ಇಲ್ಲ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಎರಡೂ ಅಂಗೈ ಇಟ್ಟರು. ಕೆಳಗಿನ ಮೂರು ಗುಬುಟುಗಳನ್ನು ಮುಟ್ಟಿ ತಲೆಯಾಡಿಸಿದರು. ಬೆರಳುಗಳು ಮೇಲಕ್ಕೆ ಹರಿದವು, ನಿಂತವು, ಹಿಂದಕ್ಕೆ ಬಂದವು, ಮತ್ತೆ ಮೇಲೆ ಹೋದವು. ಮನೆಯಲ್ಲಿ ಕನ್ನಡಕ ಕಳೆದುಕೊಂಡವರು ಹುಡುಕುವ ಹಾಗೆ ಇತ್ತು ಆ ಹುಡುಕಾಟ.

"ತೂತುಗಳೆಲ್ಲಿ?" ಎಂದು ಕೇಳಿದರು.

"ಒಂದೂ ಇಲ್ಲ ಮೇಡಂ," ಎಂದೆ. ನನ್ನ ದನಿಯಲ್ಲಿದ್ದ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ಇಲ್ವಾ?"

"ನಾನೇ ನಿಂತು ಮುಚ್ಚಿಸಿದೆ."

ಅವರು ಎರಕವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕೊಡೆಯನ್ನು ಗೋಡೆಗೆ ಒರಗಿಸಿ ನನಗೆ ಪಾಠ ಶುರು ಮಾಡಿದರು. ಹಕ್ಕಿಗಳಲ್ಲಿ ನಾವು ಮೊಣಕಾಲಿನ ಕೆಳಭಾಗ ಎಂದುಕೊಳ್ಳುವ ತೆಳ್ಳನೆಯ ಕಡ್ಡಿ ನಿಜವಾಗಿ ಪಾದ. ಪಾದದ ಮೂರು ಮೂಳೆಗಳು ಬೆಸೆದು ಒಂದೇ ಕಡ್ಡಿಯಾಗಿರುತ್ತವೆ. ಪೆಂಗ್ವಿನ್ನಿನದು ಮಾತ್ರ ಗಿಡ್ಡ, ಅಗಲ. ಮೂರು ಮೂಳೆಗಳೂ ಪೂರ್ತಿ ಬೆಸೆಯದೆ ನಡುವೆ ಕಾಲುವೆ ಉಳಿಸಿಕೊಂಡಿರುತ್ತವೆ, ರಕ್ತನಾಳ ಹಾದುಹೋಗಲು ತೂತುಗಳೂ ಇರುತ್ತವೆ. ಹಳೆಯ ಪೆಂಗ್ವಿನ್‌ಗಳದ್ದು ಬಹಳ ಸಲ ಸಿಗುವುದು ಈ ಒಂದು ಮೂಳೆ ಮಾತ್ರ. ತೂತು ಎಷ್ಟು ದೊಡ್ಡದು, ಎಲ್ಲಿದೆ, ಕಾಲುವೆ ಎಷ್ಟು ಆಳ ಎಂದು ನೋಡಿಯೇ ಇದು ಇಂಥ ಜಾತಿ ಎಂದು ಹೆಸರಿಡುತ್ತಾರೆ. ಕಾಲುವೆ ತುಂಬಿ ತೂತು ಮುಚ್ಚಿದರೆ ಅದು ಬೇರೆ ಹಕ್ಕಿ.

"ಮೂವತ್ತು ವರ್ಷ ಹುಡುಕಿದೀನಿ, ನನಗೊಂದು ಹೊಸ ಜಾತಿ ಸಿಗ್ಲಿಲ್ಲ," ಎಂದರು ಪ್ರೊಫೆಸರ್. "ನೀವು ಎರಡು ವಾರದಲ್ಲಿ ಮಾಡ್ಬಿಟ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಕ್ಕರು, ಅದು ಕಷ್ಟವಾಯಿತು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿದ್ದಿರಬೇಕು, ಪುಣ್ಯಕ್ಕೆ ಅವರಿಗೆ ಕಾಣಲಿಲ್ಲ.

"ಕೋಳಿ ಕಾಲು ನೋಡಿದೀರಾ?"

"ಇಲ್ಲ ಮೇಡಂ. ನಮ್ಮ ಮನೇಲಿ ತಿನ್ನಲ್ಲ."

"ತಿನ್ನಿ ಅಂದ್ನಾ? ನೋಡಿ ಅಂದೆ."

ಹೋಗುವಾಗ ಅವರು ಮುಂದಿನ ಶನಿವಾರ ಹನ್ನೊಂದು ಗಂಟೆಗೆ ಪಾಠ ಎಂದು ಮತ್ತೊಮ್ಮೆ ನೆನಪಿಸಿದರು. ಆಗದಿದ್ದರೆ ಚಿಂತೆಯಿಲ್ಲ, ಬಾಯಲ್ಲೇ ಹೇಳುತ್ತೇನೆ ಎಂದರು. ಆ ಮಾತು ನನಗೆ ಎರಡು ದಿನ ಅನ್ನ ರುಚಿಸದಂತೆ ಮಾಡಿತು.

ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನನ್ನೊಳಗಿನ ಇನ್‌ಸ್ಪೆಕ್ಟರ್ ಇನ್ನೂ ಒಪ್ಪಿರಲಿಲ್ಲ. ಮೂಳೆಯಲ್ಲಿ ತೂತಿರಬಹುದು, ಆದರೆ ಈ ಪ್ಲಾಸ್ಟರಿನಲ್ಲಿ ಕಾಣುವ ಸಾಸಿವೆಯಷ್ಟು ಚಿಕ್ಕ ತೂತು ಮೂಳೆಯದೋ ಗಾಳಿಗುಳ್ಳೆಯದೋ? ತಪ್ಪಾದರೆ ಇನ್ನೊಂದು ಹೊಸ ಹಕ್ಕಿ ಹುಟ್ಟುತ್ತದೆ. ಈ ಅನುಮಾನ ಹೊತ್ತುಕೊಂಡು ಪ್ಲಾಸ್ಟರಿನ ತುಂಡನ್ನು ಮನೆಗೆ ತಂದೆ.

ದಾಸರಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಅಜ್ಜಿ ಆ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು ಬೆಳೆದಿತ್ತು. ಹಿತ್ತಲಿನಲ್ಲಿ ನಾಟಿ ಕೋಳಿಗಳಿದ್ದವು. ಪ್ರತಿ ಭಾನುವಾರ ಅವರ ಅಡುಗೆಮನೆಯಿಂದ ಮಸಾಲೆಯ ವಾಸನೆ ಏಳುತ್ತಿದ್ದಂತೆ ನಾನು ನನ್ನ ಕಿಟಕಿ ಮುಚ್ಚುತ್ತಿದ್ದೆ. ದಾವಣಗೆರೆಯಲ್ಲಿ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ನೀರು ಮುಟ್ಟದ ಅಪ್ಪ ಅಮ್ಮನ ಮಗಳು ನಾನು. ಆ ಭಾನುವಾರ ಕಿಟಕಿ ಮುಚ್ಚದೆ ಅವರ ಬಾಗಿಲಿಗೇ ಹೋಗಿ ನಿಂತು, ಒಂದು ಕೋಳಿಕಾಲಿನ ಮೂಳೆ ಬೇಕಿತ್ತು ಎಂದೆ.

ಅಜ್ಜಿ ನನ್ನ ಹಣೆಯ ವಿಭೂತಿ ನೋಡಿದರು, ನನ್ನ ಮುಖ ನೋಡಿದರು. "ಅವ್ವಾ, ಮೈಗೆ ಉಸಾರಿಲ್ವಾ?" ಎಂದು ಕೇಳಿದರು.

ಕಾರಣ ಹೇಳಲು ಕಾಲು ಗಂಟೆ ಬೇಕಾಯಿತು. ಪೆಂಗ್ವಿನ್ ಎಂದರೆ ಹಾರದ ಹಕ್ಕಿ, ನೀರಲ್ಲಿ ಈಜುತ್ತದೆ, ನೆಟ್ಟಗೆ ನಿಲ್ಲುತ್ತದೆ ಎಂದು ನಿಂತು ತೋರಿಸಿದೆ. ಅವರು ಒಳಗಿನಿಂದ ತೊಳೆದ ಮೂಳೆಯೊಂದನ್ನು ತಂದು ಹಳೆಯ ಪೇಪರಿನ ಮೇಲೆ ಇಟ್ಟರು. ನಾನು ಕರ್ಚೀಫಿನಿಂದ ಹಿಡಿದು ನೋಡಿದೆ. ಉದ್ದನೆಯ ಒಂದೇ ಕಡ್ಡಿ, ಆದರೆ ತುದಿಯಲ್ಲಿ ಅದೇ ಮೂರು ಗುಬುಟು. ಅರದಣ್ಣ ಒಂದೇ ನೋಟದಲ್ಲಿ ಕಂಡದ್ದನ್ನು ನಾನು ಭೂತಗನ್ನಡಿ ಹಿಡಿದೂ ಕಂಡಿರಲಿಲ್ಲ. ಮೂರು ರಾಟೆಯ ಬ್ರಾಕೆಟ್ ಅಲ್ಲ, ಮೂರು ಬೆರಳು ಕೂರುವ ಜಾಗ.

ಪ್ಲಾಸ್ಟರಿನ ಚಿಕ್ಕ ತೂತಿನ ಅನುಮಾನವನ್ನೂ ಅವರ ಮುಂದೆ ಇಟ್ಟೆ. ಅಜ್ಜಿ ಎದ್ದು ಹೋಗಿ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಬಂದರು. ತೂತಿಗೆ ಕಡ್ಡಿ ಇಟ್ಟು ಮೆಲ್ಲಗೆ ತಳ್ಳಿದರು. ಕಡ್ಡಿ ಸ್ವಲ್ಪ ಓರೆಯಾಗಿ ಹೋಗಿ ಹಿಂಭಾಗದಲ್ಲಿ ಹೊರಗೆ ಬಂತು.

"ಗುಳ್ಳೆ ಆಗಿದ್ರೆ ಒಳಗೇ ನಿಂತ್ಕತಿತ್ತು ಕಣವ್ವಾ," ಎಂದರು. "ಇದು ಈ ಕಡೆಯಿಂದ ಆ ಕಡೀಕೆ ಓಯ್ತದೆ. ದಾರಿ ಇದು. ಇಷ್ಟು ತಿಳ್ಕಳಕ್ಕೆ ಓದ್ಬೇಕಾ?"

ನಮ್ಮ ವಿಭಾಗದಲ್ಲಿ ಇಂಚಿನ ಸಾವಿರದಲ್ಲೊಂದು ಭಾಗದವರೆಗೆ ಅಳೆಯುವ ಉಪಕರಣಗಳಿದ್ದವು. ಪೊರಕೆಕಡ್ಡಿ ಇರಲಿಲ್ಲ. ನಾನು ಆ ಕಡ್ಡಿಯನ್ನು ಕೇಳಿ ಇಸಿದುಕೊಂಡೆ.

ಸೋಮವಾರ ಹೋಗಿ ಮೇಸ್ತ್ರಿಯ ಮುಂದೆ ನಿಂತು ನನ್ನ ಚೀಟಿ ತಪ್ಪು ಎಂದೆ. ಆ ಶೆಡ್ಡಿನಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು, ಯಾರೋ ಗ್ರೈಂಡರ್ ಆರಿಸಿ ಕಿವಿ ಕೊಟ್ಟರು. ಮೇಸ್ತ್ರಿ ಮೇಣ ಕಿತ್ತು ಕಾಲುವೆಗಳನ್ನು ಮತ್ತೆ ಕೆತ್ತಿದರು. ಮುಚ್ಚು ಎಂದರೆ ಮುಚ್ಚುವುದು ತೆಗೆ ಎಂದರೆ ತೆಗೆಯುವುದು, ನಾಳೆ ಹಾರಿಸು ಎಂದರೆ ರೆಕ್ಕೆ ಕಟ್ಟುವುದು ಎಂದು ಗೊಣಗುತ್ತಲೇ ಕೆತ್ತಿದರು. ತೂತುಗಳಿಗೆ ಕೋರ್ ಬೇಕಿತ್ತು. ಎಣ್ಣೆ ಬೆರೆಸಿದ ಮರಳನ್ನು ಕಡ್ಡಿಯ ಆಕಾರಕ್ಕೆ ಒತ್ತಿ ಬೇಯಿಸಿ ಅಚ್ಚಿನೊಳಗೆ ಇಟ್ಟರೆ, ಲೋಹ ಅದರ ಸುತ್ತ ತುಂಬಿಕೊಳ್ಳುತ್ತದೆ. ಆಮೇಲೆ ಮರಳು ಉದುರಿಸಿದರೆ ತೂತು ಉಳಿಯುತ್ತದೆ. ಹೇಳುವುದು ಸುಲಭ. ಮಂಗಳವಾರದ ಎರಕದಲ್ಲಿ ಚಿಕ್ಕ ಕೋರ್ ಲೋಹದ ರಭಸಕ್ಕೆ ಮುರಿದು, ಚಿಕ್ಕ ತೂತು ಮುಚ್ಚಿಹೋಯಿತು. ಜೀವಮಾನವಿಡೀ ತೂತು ಬೀಳದಿರಲಿ ಎಂದು ಬೇಡಿಕೊಂಡವಳು ಅಂದು ಒಂದು ತೂತು ಬೀಳಲಿಲ್ಲವೆಂದು ತಲೆ ಮೇಲೆ ಕೈ ಹೊತ್ತು ಕೂತೆ.

ಡ್ರಿಲ್ ಹಾಕಿ ಕೊರೆದುಬಿಡೋಣ ಎಂದು ಮೇಸ್ತ್ರಿ ಸೂಚಿಸಿದರು. ಪೊರಕೆಕಡ್ಡಿ ಓರೆಯಾಗಿ ಹೋಗಿದ್ದು ನನ್ನ ಕಣ್ಣ ಮುಂದಿತ್ತು. ಡ್ರಿಲ್ ನೆಟ್ಟಗೆ ಹೋಗುತ್ತದೆ, ಹಕ್ಕಿಯ ರಕ್ತ ಓರೆಯಾಗಿ ಹೋಗಿತ್ತು. ಆಗುವುದಿಲ್ಲ ಎಂದೆ. ಬುಧವಾರ ಕರೆಂಟ್ ಹೋಗಿ ಕುಲುಮೆಯ ಬ್ಲೋಯರ್ ದಿನವಿಡೀ ನಿಂತಿತು. ಪೀಣ್ಯದಲ್ಲಿ ಆಗ ಕರೆಂಟ್ ಇರುವ ದಿನವೇ ವಿಶೇಷ. ಆ ಬಿಡುವಿನಲ್ಲಿ ಮೇಸ್ತ್ರಿ ಚಿಕ್ಕ ಕೋರಿನ ಒಳಗೆ ತೆಳು ತಂತಿ ಸೇರಿಸಿ ಗಟ್ಟಿ ಮಾಡಿದರು.

ಗುರುವಾರದ ಎರಕದ ಅಚ್ಚು ಒಡೆದು ನೋಡಿದರೆ ತೂತು ಎರಡಲ್ಲ, ಮೂರು.

ಎರಡು ಕೋರಿನದು. ಮೂರನೆಯದು ಚಿಕ್ಕ ತೂತಿನ ಪಕ್ಕದಲ್ಲೇ, ಅದರಷ್ಟೇ ಗಾತ್ರ, ಥೇಟ್ ಅದರ ತಮ್ಮನ ಹಾಗೆ. ಅದು ಅಪ್ಪಟ ನಮ್ಮ ಫೌಂಡ್ರಿಯ ಗಾಳಿಗುಳ್ಳೆ. ಇನ್ನೊಂದು ಎರಕಕ್ಕೆ ದಿನವಿರಲಿಲ್ಲ, ಶುಕ್ರವಾರ ಕುಲುಮೆ ಬೇರೆ ಗಿರಾಕಿಗೆ ಮೀಸಲು. ಮೂರನೆಯದನ್ನು ಲೋಹದ ಪುಡಿ ಬೆರೆಸಿದ ಪುಟ್ಟಿ ಮೆತ್ತಿ ಮುಚ್ಚಬಹುದಿತ್ತು. ಆದರೆ ಕಾಲುವೆಗಳಲ್ಲಿ ಕೂತಿದ್ದ ಉಬ್ಬುತಗ್ಗುಗಳಲ್ಲಿ ಯಾವುದು ಹಕ್ಕಿಯದು ಯಾವುದು ಮರಳಿನದು ಎಂದೇ ಗೊತ್ತಾಗುತ್ತಿರಲಿಲ್ಲ. ಎಲ್ಲ ಉಜ್ಜಿದರೆ ಮೊದಲಿನ ಪಾಡು, ಬಿಟ್ಟರೆ ಪ್ರೊಫೆಸರ್ ಬೆರಳಿಗೆ ಸುಳ್ಳು ಹೇಳಿದ ಹಾಗೆ. ಅತ್ತ ದರಿ, ಇತ್ತ ಪುಲಿ.

ಶುಕ್ರವಾರ ಬೆಳಿಗ್ಗೆ ಕ್ಯಾಲಿಪರ್ ಹಿಡಿದು ಎರಡು ಗಂಟೆ ಒದ್ದಾಡಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಈ ಮಾಲನ್ನು ಪ್ರೊಫೆಸರ್ ನಾಳೆ ಕಣ್ಣಿನಿಂದ ನೋಡುವುದಿಲ್ಲ. ಹಾಗಾದರೆ ನಾನು ಕಣ್ಣಿನಿಂದ ಪರೀಕ್ಷೆ ಮಾಡಿ ಏನು ಪ್ರಯೋಜನ? ನಾನು ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು ಅರದಣ್ಣನ ಬಳಿ ಹೋದೆ.

"ಅಣ್ಣಾ, ಅವತ್ತು ನೀವು ಹೇಳಿದ್ದು ಸರಿ," ಎಂದೆ. "ನನಗೆ ಕೇಳೋ ಬುದ್ಧಿ ಇರ್ಲಿಲ್ಲ. ಇವತ್ತು ನೀವು ನೋಡಿ, ನಾನು ನಿಮ್ಮ ಜೊತೆ ಕೂತ್ಕೋತೀನಿ."

ಅವರು ಅರ ಕೆಳಗಿಟ್ಟರು. ಕೂರಲು ಒಂದು ಮರದ ಪೆಟ್ಟಿಗೆ ನನ್ನ ಕಡೆ ಸರಿಸಿದರು.

ಇಬ್ಬರೂ ಕಣ್ಣಿಗೆ ಒಗೆದ ಬಟ್ಟೆ ಕಟ್ಟಿಕೊಂಡೆವು. ಎಡಗೈ ಬೆರಳು ಪ್ಲಾಸ್ಟರಿನ ಮೇಲೆ, ಬಲಗೈ ಬೆರಳು ಎರಕದ ಮೇಲೆ. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದು ಬೀಡಿ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ರೆಡ್ ಪೇಂಟ್ ಮೇಡಮ್ಮಿಗೆ ಏನೋ ಹರಕೆ ಇರಬೇಕು ಎಂದು ಒಬ್ಬರು ಹೇಳಿದ್ದೂ ಕೇಳಿಸಿತು. ಹೇಳಲಿ ಎಂದು ಬಿಟ್ಟೆ. ಕಣ್ಣು ಕಟ್ಟಿದ ಮೇಲೆ ಬೆರಳು ಬೇರೆಯೇ ಆಗುತ್ತದೆ. ಕಾಲುವೆ ಮೇಲಕ್ಕೆ ಹೋಗುತ್ತ ಹೇಗೆ ಆಳವಾಗುತ್ತದೆ, ತೂತಿನ ಅಂಚು ಹೇಗೆ ಮೆಲ್ಲಗೆ ಒಳಗೆ ಇಳಿಯುತ್ತದೆ ಎಂದು ತಿಳಿಯತೊಡಗಿತು. ಮರಳಿನ ಗುರುತು ಚುಚ್ಚುತ್ತಿತ್ತು, ಹಕ್ಕಿಯದು ಜಾರುತ್ತಿತ್ತು. ಚುಚ್ಚಿದ ಕಡೆ ಅರದಣ್ಣ ಇಲಿಬಾಲದಂಥ ಸಣ್ಣ ಅರ ಆಡಿಸುತ್ತಿದ್ದರು, ನಾನು ಬೆರಳಿಟ್ಟು ಸಾಕು ಅಥವಾ ಇನ್ನೊಂದು ಚೂರು ಎನ್ನುತ್ತಿದ್ದೆ. ಕೊನೆಗೆ ಅಜ್ಜಿಯ ಪೊರಕೆಕಡ್ಡಿ ಹಾಕಿದೆವು. ಎರಡರಲ್ಲಿ ಆಚೆ ಬಂತು, ಒಂದರಲ್ಲಿ ಒಳಗೇ ನಿಂತಿತು. ನಿಂತದ್ದನ್ನು ಪುಟ್ಟಿಯಿಂದ ಮುಚ್ಚಿದೆವು. ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮುಚ್ಚಿಸಿದ ತೂತು ಅದೊಂದೇ.

ಶನಿವಾರ ಒಂಬತ್ತು ಗಂಟೆಗೆ ಪ್ರೊಫೆಸರ್ ಆಟೋದಲ್ಲಿ ಬಂದರು. ಮಾಲೀಕರು ಕೊಯಮತ್ತೂರಿಗೆ ಹೋಗಿದ್ದರು. ಎರಕವನ್ನು ಮೇಜಿನ ಮೇಲಿಟ್ಟು ನಾನೂ ಅರದಣ್ಣನೂ ಪಕ್ಕದಲ್ಲಿ ನಿಂತೆವು. ಬೆರಳುಗಳು ಗುಬುಟುಗಳಿಂದ ಹೊರಟು ಕಾಲುವೆ ಹಿಡಿದು ಮೇಲೆ ಹೋದವು. ಈ ಸಲ ಹಿಂದಕ್ಕೆ ಬರಲಿಲ್ಲ. ಕಿರುಬೆರಳು ದೊಡ್ಡ ತೂತಿನಲ್ಲಿ ಇಳಿದು ಹಿಂಭಾಗದಲ್ಲಿ ಹೊರಬಂತು. ಅವರು ಬೆರಳನ್ನು ಅಲ್ಲೇ ಬಿಟ್ಟರು.

"ಇದೇ," ಎಂದರು. "ಕೊನೇ ಸಲ ಇದನ್ನ ಸರಿಯಾಗಿ ಕಂಡು ಎಷ್ಟು ವರ್ಷ ಆಯ್ತೋ."

ಆಮೇಲೆ ಅವರಿಗೆ ಒಂದು ಯೋಚನೆ ಬಂತು. ವೇದಿಕೆಯ ಮೇಲೆ ಗಾಬರಿಯಲ್ಲಿ ತೂತು ಬೇಗ ಸಿಗದಿದ್ದರೆ? ಗಾಢ ಬಣ್ಣ ಇನ್ನೂ ಅವರಿಗೆ ಮಸುಕಾಗಿ ಕಾಣುತ್ತಿತ್ತು. ಎರಡೂ ತೂತಿನ ಸುತ್ತ ಏನಾದರೂ ಬಣ್ಣ ಬಳಿಯಬಹುದೇ ಎಂದು ಕೇಳಿದರು. ನಮ್ಮಲ್ಲಿ ಇದ್ದದ್ದು ಒಂದೇ ಬಣ್ಣ. ನಾನು ಡಬ್ಬಿ ತೆರೆದು, ವರ್ಷಗಟ್ಟಲೆ ಪಳಗಿದ ಕೈಯಿಂದ, ದುಂಡಗೆ ಎರಡು ಕೆಂಪು ಉಂಗುರ ಬರೆದೆ. ಅರದಣ್ಣ ಮುಖ ತಿರುಗಿಸಿ ನಕ್ಕಿದ್ದು ಏಕೆಂದು ನನಗೆ ಗೇಟಿನವರೆಗೂ ಹೊಳೆಯಲಿಲ್ಲ.

ವಾಚ್‌ಮನ್ ಎರಕವನ್ನು ನೋಡಿದರು, ಗೋಡೆಯ ಕಾಗದ ನೋಡಿದರು, ಅಡ್ಡಗಂಬಿ ಇಳಿಸಿದರು.

"ಕೆಂಪು ರಿಂಗ್ ಇದೆ ಮೇಡಂ. ಹೊರಗೆ ಬಿಡಂಗಿಲ್ಲ."

ಇದು ಬೇರೆ ಕೆಂಪು ಎಂದೆ. ಕಾಗದದಲ್ಲಿ ಹಾಗೇನೂ ಬರೆದಿಲ್ಲ ಎಂದರು. ನಾನೇ ಇನ್‌ಸ್ಪೆಕ್ಟರ್, ನಾನೇ ಬಿಡುತ್ತಿದ್ದೇನೆ ಎಂದೆ. ಇನ್‌ಸ್ಪೆಕ್ಟರ್ ಹೇಳಿದರೂ ಬಿಡಕೂಡದು ಎಂಬ ಸಾಲನ್ನು ಬೆರಳಿಟ್ಟು ತೋರಿಸಿದರು. ಆ ಸಾಲು ಸೇರಿಸಿದವಳೂ ನಾನೇ. ಮಾಡಿದ್ದುಣ್ಣೋ ಮಹರಾಯ. ಅಳಿಸಿದರೆ ಹಸಿ ಬಣ್ಣ ಕಾಲುವೆಗೆಲ್ಲ ಹರಡುತ್ತಿತ್ತು. ಗಂಟೆ ಒಂಬತ್ತೂಮುಕ್ಕಾಲಾಗಿತ್ತು, ಊರೊಳಗಿನ ಕಾಲೇಜಿಗೆ ಯಶವಂತಪುರದ ದಟ್ಟಣೆ ದಾಟಿ ಹೋಗಬೇಕಿತ್ತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

ಪ್ರೊಫೆಸರ್ ಆಟೋದಿಂದ ಇಳಿದು ಕೊಡೆ ಊರುತ್ತ ಬಂದರು. ಕೈ ಕೊಡಿ ಎಂದು ವಾಚ್‌ಮನ್ನರಿಗೆ ಹೇಳಿ, ಅವರ ಕಿರುಬೆರಳು ಹಿಡಿದು ದೊಡ್ಡ ತೂತಿನೊಳಗೆ ಇಳಿಸಿದರು.

"ಪೆಂಗ್ವಿನ್ ಕಾಲ್ಬೆರಳಿಗೆ ರಕ್ತ ಹೋಗ್ತಿದ್ದ ದಾರಿ ಇದು. ಇದಕ್ಕೇ ಇವರು ಕೆಂಪು ಹಚ್ಚಿರೋದು."

"ಮಂಜುಗಡ್ಡೇಲಿ ನಿಂತ್ಕೊಳ್ಳೋ ಹಕ್ಕಿನಾ ಅಮ್ಮಾ?" ವಾಚ್‌ಮನ್ ದನಿ ಬದಲಾಗಿತ್ತು. "ನಾನೂ ಲಡಾಖಿನಲ್ಲಿ ನಿಂತವನೇ. ರಕ್ತ ಹೋಗ್ದೆ ನನ್ನ ಎರಡು ಬೆರಳು ತೆಗೆದ್ರು."

ಗೆದ್ದೆವು ಎಂದುಕೊಂಡೆ. ಆದರೆ ಮೇಷ್ಟರಿಗೆ ತಪ್ಪು ತಿದ್ದದೆ ಇರಲು ಆಗುತ್ತದೆಯೇ? ಆ ಕಾಲಕ್ಕೆ ಅಲ್ಲಿ ಇಷ್ಟೊಂದು ಹಿಮ ಇರಲಿಲ್ಲ, ಕಾಡುಗಳಿದ್ದವು ಎಂದು ಪ್ರೊಫೆಸರ್ ವಿವರಿಸಲು ಹೊರಟರು. ನಾನು ಅವರ ಸೆರಗು ಹಿಡಿದು ಮೆಲ್ಲಗೆ ಜಗ್ಗಿದೆ. ಪುಣ್ಯಕ್ಕೆ ವಾಚ್‌ಮನ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಬೆರಳನ್ನು ಇನ್ನೂ ಆ ತೂತಿನಲ್ಲೇ ಇಟ್ಟುಕೊಂಡು ನಿಂತಿದ್ದರು. ಆಮೇಲೆ ಕಂಬಿ ಎತ್ತಿ, ರಿಜಿಸ್ಟರಿಗೆ ಸಂಜೆ ಬಂದು ಸಹಿ ಹಾಕಬೇಕು ಎಂದರು.

ನಾವಿಬ್ಬರೂ ಅದೇ ಆಟೋ ಹತ್ತಿದೆವು, ಏಳು ಕಿಲೋ ಪಾದವನ್ನು ಅರದಣ್ಣ ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಕೂಸಿನ ಹಾಗೆ ಹಿಡಿದಿದ್ದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ನಾವಿಬ್ಬರೂ ಕೊನೆಯ ಬೆಂಚಿನಲ್ಲಿ ಕೂತೆವು. ಪ್ರೊಫೆಸರ್ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮೂಳೆಯ ಮೇಲೆ ಬೆರಳು ಓಡುತ್ತಿತ್ತು, ಬೆರಳು ಹೋದ ಕಡೆ ಮಾತು ಹೋಗುತ್ತಿತ್ತು. ಒಮ್ಮೆ ಮಾತ್ರ ಬೆರಳು ದಾರಿ ತಪ್ಪಿತು. ಅವರು ಮೂಳೆಯನ್ನು ಎತ್ತಿ ಕಣ್ಣಿನ ತೀರಾ ಹತ್ತಿರ ಹಿಡಿದು, ಕೆಂಪು ಉಂಗುರ ಕಂಡು, ಹಾಂ ಎಂದು ಮುಂದುವರಿಸಿದರು.  ಅಷ್ಟು ವರ್ಷಗಳಲ್ಲಿ ನಾನು ಬರೆದ ಸಾವಿರಾರು ಉಂಗುರಗಳಲ್ಲಿ ಯಾರಿಗಾದರೂ ದಾರಿ ತೋರಿಸಿದ್ದು ಅದೊಂದು.

ಕೊನೆಗೆ ಅವರು ವಿದ್ಯಾರ್ಥಿಗಳನ್ನು ಸಾಲಾಗಿ ಕರೆದು ಕಣ್ಣು ಮುಚ್ಚಿ ಮುಟ್ಟಲು ಹೇಳಿದರು. ಇದನ್ನು ಮಾಡಿದವರು ಹಿಂದೆ ಕೂತಿದ್ದಾರೆ ಎಂದಾಗ ಎಲ್ಲರೂ ತಿರುಗಿ ನೋಡಿದರು. ಅರದಣ್ಣ ತಮ್ಮ ಕಪ್ಪು ಹಿಡಿದ ಕೈಗಳನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡರು. ನಾನು ಎಳೆದು ಮೇಲೆ ಇಡಿಸಿದೆ.

ಸಂಜೆ ಗೇಟಿಗೆ ಬಂದೆ. ವಾಚ್‌ಮನ್ ರಿಜಿಸ್ಟರ್ ತೆರೆದು ನನ್ನ ಮುಂದೆ ತಿರುಗಿಸಿದರು. ನಿಯಮವೂ ಮುರಿಯಬಾರದು, ಸುಳ್ಳೂ ಬರೆಯಬಾರದು ಎಂದು ಅವರು ಬಹಳ ಯೋಚಿಸಿ ಬರೆದಂತಿತ್ತು. ಮಾಲು: ಹಕ್ಕಿ ಕಾಲು, ಒಂದು. ತೂತು: ಎರಡು. ಸ್ಥಿತಿ: ರಿಜೆಕ್ಟ್. ಷರಾ: ಸರಿಯಾಗಿದೆ.

ನಾನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದೆ.